ಅಡಿಕೆ ತೋಟಕ್ಕೊಂದು ಆಂಟೆನಾ ಸಾಲು

ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರು, ಬಂದಡ್ಕ ಕಡೆಯ ಮನೆಗಳಲ್ಲಿ ಫೋನಿಗೆಂದೇ ಒಂದು ಜಾಗ ಇರುತ್ತದೆ. ಕೆಲವರಿಗೆ ಅದು ಜಗಲಿಯ ಕಂಬದ ಬದಿ, ಇನ್ನು ಕೆಲವರಿಗೆ ಮನೆ ಹಿಂದಿನ ಗುಡ್ಡೆಯ ಗೇರುಮರದ ಬುಡ. ಅಲ್ಲಿ ನಿಂತರೆ ರೇಂಜ್ ಇದೆ, ನಾಲ್ಕು ಮೆಟ್ಟಿಲು ಇಳಿದು ತೋಟ ಹೊಕ್ಕರೆ ಇಲ್ಲ. ಕಾಸರಗೋಡಿನ ಒಳನಾಡಿನಲ್ಲಿ ಟವರ್ ಇರುವುದು ಗುಡ್ಡದ ನೆತ್ತಿಯಲ್ಲಿ, ಜನ ಇರುವುದು ಬೈಲಿನಲ್ಲಿ. ನಡುವೆ ಮುರಕಲ್ಲಿನ ಏಣು, ರಬ್ಬರ್, ತೆಂಗು, ಅಡಿಕೆ. ಮಳೆ ಹಿಡಿದ ಮೇಲಂತೂ ಸೋಗೆಯಿಂದ ನೀರು ಇಳಿಯುತ್ತಲೇ ಇರುತ್ತದೆ.

2021ರ ಜೂನ್‌ನಲ್ಲಿ ನೆರೆಯ ಸುಳ್ಯ ತಾಲ್ಲೂಕಿನ ಬಳ್ಳಕದಿಂದ ಬಂದ ಒಂದು ಚಿತ್ರವನ್ನು ದೇಶವೇ ನೋಡಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿರುವ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಗಡಿಯ ಈಚೆ ನಮ್ಮಲ್ಲೂ ಕೋವಿಡ್‌ನ ಆ ಎರಡು ವರ್ಷ ಮಕ್ಕಳು ಗುಡ್ಡೆ ಹತ್ತಿದರು. ಆಮೇಲೆ ಕೆಲವು ಟವರ್‌ಗಳು ಬಂದವು, 4ಜಿ ಬಂತು, 5ಜಿ ಬಂತು. ತೋಟದೊಳಗಿನ ಸ್ಥಿತಿ ಮಾತ್ರ ಅಷ್ಟಾಗಿ ಬದಲಾಗಲಿಲ್ಲ.

ಟವರ್ ಹೆಚ್ಚಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂಬ ಬೇಡಿಕೆ ನ್ಯಾಯವಾದದ್ದೇ, ಆದರೆ ಅರ್ಧ ಮಾತ್ರ. ಇಂದಿನ 5ಜಿ ಟವರ್‌ನ ತಲೆಯಲ್ಲಿರುವ ಚಪ್ಪಟೆ ಪೆಟ್ಟಿಗೆಯೊಳಗೆ ಇರುವುದು ಒಂದು ಆಂಟೆನಾ ಅಲ್ಲ, ಹತ್ತಾರು ಆಂಟೆನಾಗಳ ಸಾಲು. ಆ ಸಾಲು ಅಲೆಯನ್ನು ಎಲ್ಲ ಕಡೆ ಚೆಲ್ಲುವ ಬದಲು ಬೇಕಾದ ಕಡೆಗೆ ತಿರುಗಿಸಬಲ್ಲದು. ಅದನ್ನು ಹೇಗೆ ತಿರುಗಿಸಬೇಕು ಎಂಬ ಲೆಕ್ಕಾಚಾರವನ್ನು ಪಳಗಿಸುವುದು ಟೆಸ್ಟ್‌ಬೆಡ್‌ಗಳಲ್ಲಿ, ಎಂದರೆ ನಿಜವಾದ ಬಯಲಿನಲ್ಲಿ ನಿಜವಾದ ಆಂಟೆನಾಗಳನ್ನು ನಿಲ್ಲಿಸಿ ಅಳೆಯುವ ಸಂಶೋಧನಾ ವೇದಿಕೆಗಳಲ್ಲಿ. ಅಂಥ ವೇದಿಕೆಗಳು ಬಹುತೇಕ ನಗರದ ಕ್ಯಾಂಪಸ್‌ಗಳಲ್ಲಿವೆ. ಅಡಿಕೆ ತೋಟಕ್ಕೆ ಸೇವೆ ಕೊಡಬೇಕಾದ ಆಂಟೆನಾ ಸಾಲು ಅಡಿಕೆ ತೋಟದಲ್ಲೇ ಪರೀಕ್ಷೆಗೆ ಒಳಗಾಗಬೇಕು. ಅದಕ್ಕೆ ಕಾಸರಗೋಡಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಆಂಟೆನಾ ಸಾಲು ಕಟ್ಟುವುದು ಹೊರಗಿನವರು ಬಂದು ಕಲಿಸಬೇಕಾದ ವಿದ್ಯೆಯೂ ಅಲ್ಲ. ಬೆಂಗಳೂರಿನ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಒಂದು ರೇಡಿಯೊ ದೂರದರ್ಶಕ ಕಟ್ಟಿದವು. ಅದರಲ್ಲಿ ಬಟ್ಟಲಿನಾಕಾರದ ಡಿಶ್ ಇರಲಿಲ್ಲ. ಇಂಗ್ಲಿಷ್‌ನ ಟಿ ಅಕ್ಷರದ ಆಕಾರದಲ್ಲಿ ಬಯಲಿನುದ್ದಕ್ಕೂ ನಿಲ್ಲಿಸಿದ 1,000 ದ್ವಿಧ್ರುವ ಆಂಟೆನಾಗಳು ಇದ್ದವು. ಪೂರ್ವ-ಪಶ್ಚಿಮದ ತೋಳೇ ಸುಮಾರು 1.4 ಕಿ.ಮೀ. ಉದ್ದ. ಕೆಲಸ ಮಾಡುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಲ್ಲಿ ಒಂದು ಅಲೆಯ ಉದ್ದ 8.7 ಮೀಟರ್. ಆಂಟೆನಾಗಳು ಕದಲುವುದಿಲ್ಲ. ಒಂದೊಂದರ ಸಂಕೇತಕ್ಕೂ ತಕ್ಕಷ್ಟು ತಡ ಸೇರಿಸಿ ಕೂಡಿಸಿದರೆ ದೂರದರ್ಶಕದ ನೋಟ ಆಕಾಶದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದರಿಂದಲೇ ಇಡೀ ಆಕಾಶದ ಬಹುಪಾಲಿನ ನಕ್ಷೆ ಬರೆದು 1990ರಲ್ಲಿ ಪ್ರಕಟಿಸಿದರು. ಅದೇ ಆವರಣದಲ್ಲಿ 1997ರಿಂದ ಸೂರ್ಯನನ್ನೇ ನೋಡುವ ಇನ್ನೊಂದು ಆಂಟೆನಾ ಸಾಲು ದುಡಿಯುತ್ತಿದೆ.

ಗೌರಿಬಿದನೂರಿಗೆ ಸಾಲುಗಳ ನಂಟು ಅದಕ್ಕಿಂತಲೂ ಹಳೆಯದು. ಭಾಭಾ ಪರಮಾಣು ಸಂಶೋಧನಾ ಕೇಂದ್ರ 1965ರಿಂದ ಅಲ್ಲಿ ಭೂಕಂಪಮಾಪಕಗಳ ಸಾಲನ್ನು ನಡೆಸುತ್ತಿದೆ. ದೂರದೇಶದ ನೆಲದಡಿಯ ಅಣುಸ್ಫೋಟದ ಕಂಪನ ಯಾವ ದಿಕ್ಕಿನಿಂದ ಬಂತು ಎಂದು ಹೇಳುವುದು ಅದರ ಕೆಲಸ. ಅಲೆ ನೆಲದ್ದಿರಲಿ, ಆಕಾಶದ್ದಿರಲಿ, ಗಣಿತ ಒಂದೇ.

ನೀರಿನ ಅಲೆಗೂ ಅದೇ ಗಣಿತ. ಇಂದು ಬಹುತೇಕ ಪ್ರತಿ ವೈಫೈ ರೂಟರ್, 4ಜಿ ಫೋನ್‌ನಲ್ಲಿರುವ ಮೈಮೊ ತಂತ್ರದ ಬೇರು ಹುಡುಕಿದರೆ ನಾವು ಕೊಚ್ಚಿಗೆ ಹೋಗಬೇಕು. ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದರು. ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ‘ಅಪ್ಸೋ’ ಎಂಬ ಸೋನಾರ್ 1983ರ ಹೊತ್ತಿಗೆ ಯುದ್ಧನೌಕೆ ಏರಿತು. ಹಡಗಿನ ತಳದಲ್ಲಿ ಜೋಡಿಸಿದ ಶ್ರವಣ ಸಾಧನಗಳ ಸಾಲು ಕೇಳುವ ಸದ್ದುಗಳನ್ನು ಕೂಡಿಸಿ ಜಲಾಂತರ್ಗಾಮಿಯ ದಿಕ್ಕು ಹೇಳುವ ಯಂತ್ರ ಅದು. ಆಮೇಲೆ ಅವರು ಬೆಂಗಳೂರಿಗೆ ಬಂದು ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾದರು, ಅಲ್ಲಿಂದ ಸ್ಟ್ಯಾನ್‌ಫರ್ಡ್ ಸೇರಿದರು. 1992ರಲ್ಲಿ ಥಾಮಸ್ ಕೈಲಾತ್ ಜೊತೆ ಅವರು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಮೈಮೊ ತಂತ್ರದ ಮೂಲ ಕಲ್ಪನೆ ಇದೆ: ಹಲವು ಆಂಟೆನಾಗಳಿಂದ ಒಂದೇ ತರಂಗಾಂತರದಲ್ಲಿ ಬೇರೆ ಬೇರೆ ಮಾಹಿತಿ ಕಳುಹಿಸಿ, ಆ ತುದಿಯಲ್ಲಿ ಹಲವು ಆಂಟೆನಾಗಳಿಂದ ಅವನ್ನು ಬಿಡಿಸಿಕೊಳ್ಳುವುದು. 2014ರ ಮಾರ್ಕೋನಿ ಪ್ರಶಸ್ತಿ ಅವರಿಗೆ ಬಂತು. ಅರಬ್ಬಿ ಸಮುದ್ರದ ತಡಿಯಲ್ಲಿ ನೀರಿನ ಸದ್ದಿಗೆ ಕಟ್ಟಿದ ಸಾಲಿನ ಅನುಭವ ಜಗತ್ತಿನ ಮೊಬೈಲ್ ಜಾಲಕ್ಕೆ ದಾರಿ ತೋರಿದ್ದನ್ನು ನಮ್ಮ ಕರಾವಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಹೇಳಬೇಕು.

ಕೊಚ್ಚಿಯಲ್ಲಿ ಸಾಲುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಉದ್ಘಾಟನೆಯಾದ ಮುಂಗಾರು ಗಾಳಿ ಅಳೆಯುವ ರೇಡಾರ್‌ನಲ್ಲಿ 619 ಆಂಟೆನಾಗಳಿವೆ, ಅದು 205 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ.

ಹಾಗಾದರೆ ಮೊಬೈಲ್ ಸಂಶೋಧನೆಗೆ ಬೇಕಾದ ಸಾಲು ಕಟ್ಟುವುದರಲ್ಲಿ ಕಷ್ಟ ಎಲ್ಲಿದೆ? ಅಳತೆಯಲ್ಲಿದೆ. 5ಜಿ ಹೆಚ್ಚು ಓಡುವ 3.5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 8.6 ಸೆಂ.ಮೀ. ಆಂಟೆನಾಗಳ ನಡುವೆ ಅದರ ಅರ್ಧದಷ್ಟು ಅಂತರ ಇರಬೇಕು, ಅಂದರೆ 4.3 ಸೆಂ.ಮೀ. ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳಲ್ಲಿ 64 ಆಂಟೆನಾ ಜೋಡಿಸಿದರೆ ಇಡೀ ಫಲಕ ಒಂದು ಮೊಳಕ್ಕಿಂತ ಚಿಕ್ಕದು. ಗೌರಿಬಿದನೂರಿನಲ್ಲಿ ಕಿಲೋಮೀಟರ್ ಹಿಡಿದದ್ದು ಇಲ್ಲಿ ಮಡಿಲಲ್ಲಿ ಕೂರುತ್ತದೆ. ಆದರೆ ಹಿಂದಿನಿಂದ ಹೊರಡುವ 64 ಕೇಬಲ್‌ಗಳಲ್ಲಿ ಒಂದು, ಉಳಿದವಕ್ಕಿಂತ ಒಂದೇ ಒಂದು ಸೆಂಟಿಮೀಟರ್ ಉದ್ದವಾಯಿತೆನ್ನಿ. ಕೇಬಲ್ಲಿನೊಳಗೆ ಅಲೆ ಗಾಳಿಯಲ್ಲಿಗಿಂತ ನಿಧಾನ. ಆ ಒಂದು ಸೆಂಟಿಮೀಟರಿಗೆ ಅಲೆಯ ಹಂತ, ಎಂದರೆ ಅದರ ಏರಿಳಿತದ ಲಯ, ಸುಮಾರು 60 ಡಿಗ್ರಿ ತಪ್ಪುತ್ತದೆ. ತೇರಿನ ಹಗ್ಗ ಹಿಡಿದವರಲ್ಲಿ ಕೆಲವರು ಮುಂದೆ, ಕೆಲವರು ಒಂದು ಉಸಿರು ತಡವಾಗಿ ಎಳೆದ ಹಾಗೆ. ಬಲ ಇದ್ದೂ ತೇರು ಸರಿಯಾಗಿ ಕದಲದು. ಬೆಳಗಿನ ತಂಪಿಗೆ ಹೊಂದಿಸಿದ ಕೇಬಲ್ ಮಧ್ಯಾಹ್ನದ ಬಿಸಿಲಿಗೆ ಬೇರೆ ಹಂತ ತೋರಿಸುವುದೂ ಉಂಟು. ಕನೆಕ್ಟರ್ ತಿರುಪನ್ನು ಕೈಯಳತೆಗೆ ಬಿಗಿಯುವಂತಿಲ್ಲ, ನಿಗದಿತ ಬಲಕ್ಕೆ ಕಟಕ್ಕೆನ್ನುವ ಸ್ಪ್ಯಾನರ್‌ನಿಂದಲೇ ಬಿಗಿಯಬೇಕು.

ಪ್ರತಿ ಆಂಟೆನಾದ ಹಿಂದೆ ಒಂದು ಪೂರ್ಣ ರೇಡಿಯೊ ಇರುತ್ತದೆ. 64 ರೇಡಿಯೊಗಳೂ ಒಂದೇ ಗಡಿಯಾರಕ್ಕೆ ಕಿವಿಗೊಡಬೇಕು. ಸಾಮಾನ್ಯವಾಗಿ ಜಿಪಿಎಸ್‌ನಿಂದ ಹದಗೊಂಡ 10 ಮೆಗಾಹರ್ಟ್ಸ್ ಸಂಕೇತವೊಂದನ್ನು ಎಲ್ಲದಕ್ಕೂ ಹಂಚುತ್ತಾರೆ. ಇನ್ನು ಹರಿದುಬರುವ ಮಾಹಿತಿಯ ಪ್ರಮಾಣ: 20 ಮೆಗಾಹರ್ಟ್ಸ್ ಅಗಲದ ಚಾನಲ್‌ಗೆ ಒಂದು ಆಂಟೆನಾದಿಂದಲೇ ಸೆಕೆಂಡಿಗೆ ಸುಮಾರು 1 ಗಿಗಾಬಿಟ್. 64ರಿಂದ ಸುಮಾರು 63 ಗಿಗಾಬಿಟ್. ಅದನ್ನು ಸಾಗಿಸಿ, ಲೆಕ್ಕ ಹಾಕಿ, ಮರಳಿ ಆಂಟೆನಾಗಳಿಗೆ ಆಜ್ಞೆ ಕೊಡುವುದು ಮಿಲಿಸೆಕೆಂಡಿನೊಳಗೆ ಆಗಬೇಕು. ಟೆಸ್ಟ್‌ಬೆಡ್‌ನ ಹಣ ಹೆಚ್ಚಾಗಿ ಕರಗುವುದು ಇಲ್ಲೇ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಫೋನ್ ಎಲ್ಲಿದೆ, ಅದಕ್ಕೆ ಹೋಗುವ ದಾರಿಗಳು ಯಾವುವು ಎಂಬುದು ಸಾಲಿಗೆ ತಿಳಿಯುವುದು ಫೋನ್ ಕಳಿಸುವ ಪುಟ್ಟ ಗುರುತಿನ ಸಂಕೇತದಿಂದ. ಫೋನಿನಿಂದ ಟವರಿಗೆ ಬಂದ ದಾರಿಯೇ ಟವರಿನಿಂದ ಫೋನಿಗೂ ದಾರಿ, ಗಾಳಿಗೆ ಪಕ್ಷಪಾತವಿಲ್ಲ. ಆದರೆ ರೇಡಿಯೊದೊಳಗೆ ಕಳುಹಿಸುವ ಸರ್ಕ್ಯೂಟ್ ಬೇರೆ, ಪಡೆಯುವ ಸರ್ಕ್ಯೂಟ್ ಬೇರೆ. ಆ ವ್ಯತ್ಯಾಸವನ್ನು ಪ್ರತಿ ರೇಡಿಯೊಗೂ ಅಳೆದು ಕಳೆಯದಿದ್ದರೆ ಕಿರಣ ಬೇರೆಡೆಗೆ ಹೋಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯ, ಬೆಲ್ ಲ್ಯಾಬ್ಸ್ ಮತ್ತು ಯೇಲ್‌ನ ಸಂಶೋಧಕರು 2012ರಲ್ಲಿ ‘ಆರ್ಗೋಸ್’ ಎಂಬ 64 ಆಂಟೆನಾಗಳ ಸಾಲು ಕಟ್ಟಿ, ಏಕಕಾಲಕ್ಕೆ 15 ಸಾಧನಗಳಿಗೆ ಒಂದೇ ತರಂಗಾಂತರದಲ್ಲಿ ಮಾಹಿತಿ ಕಳುಹಿಸಿ ತೋರಿಸಿದರು. ಸಾಲಿನ ಆಂಟೆನಾಗಳು ಪರಸ್ಪರ ಮಾತಾಡಿಯೇ ಈ ವ್ಯತ್ಯಾಸವನ್ನು ಕಂಡುಕೊಳ್ಳುವ ಉಪಾಯ ಅವರ ಮುಖ್ಯ ಕೊಡುಗೆಗಳಲ್ಲೊಂದು. ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ ಆಂಟೆನಾಗಳ ಸಂಖ್ಯೆಯನ್ನು ಮಿತಿಯಿಲ್ಲದೆ ಏರಿಸಿದರೆ ಏನಾಗುತ್ತದೆಂದು ಕಾಗದದ ಮೇಲೆ ಬರೆದಿದ್ದರು. ಅನೇಕರು ಅದನ್ನು ನಂಬಿದ್ದು ಆರ್ಗೋಸ್‌ನಂಥ ವೇದಿಕೆಗಳು ಎದ್ದು ನಿಂತ ಮೇಲೆಯೇ.

ನಮ್ಮ ದೇಶವೂ ಕೈಕಟ್ಟಿ ಕೂತಿಲ್ಲ. ದೂರಸಂಪರ್ಕ ಇಲಾಖೆ 2018ರಲ್ಲಿ 224 ಕೋಟಿ ರೂಪಾಯಿಯ ದೇಶೀಯ 5ಜಿ ಟೆಸ್ಟ್‌ಬೆಡ್ ಯೋಜನೆಗೆ ಮಂಜೂರಾತಿ ಕೊಟ್ಟಿತು. ಐಐಟಿ ಮದ್ರಾಸ್ ಮುಂದಾಳುತನದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 2022ರ ಮೇ 17ರಂದು ಪ್ರಧಾನಿ ಅದನ್ನು ಉದ್ಘಾಟಿಸಿದರು. ಒಳ್ಳೆಯ ಕೆಲಸ. ಆದರೆ ವೇದಿಕೆಗಳು ನಿಂತದ್ದು ಚೆನ್ನೈ, ದೆಹಲಿ, ಹೈದರಾಬಾದ್, ಕಾನ್ಪುರ, ಬೆಂಗಳೂರುಗಳಲ್ಲಿ. ನಮ್ಮ ಕರಾವಳಿಯ ಮಳೆಯೂ ಅಡಿಕೆಯ ಸೋಗೆಯೂ ಆ ಐದೂ ಊರುಗಳಲ್ಲಿ ಇಲ್ಲ.

ಸೋಗೆಯಿಂದ ಏನಾಗುತ್ತದೆ? ಮರಗಳ ನಡುವೆ ಅಲೆ ಎಷ್ಟು ಸೊರಗುತ್ತದೆ ಎಂದು ಲೆಕ್ಕ ಹಾಕಲು ಎಂಜಿನಿಯರುಗಳು ಇಂದಿಗೂ ಬಳಸುವ ಸೂತ್ರಗಳಲ್ಲಿ ವೈಸ್‌ಬರ್ಗರ್ ಸೂತ್ರ ಪ್ರಸಿದ್ಧ. ಅದರ ಪ್ರಕಾರ 3.5 ಗಿಗಾಹರ್ಟ್ಸ್ ಅಲೆ 20 ಮೀಟರ್ ಮರಗಳ ನಡುವೆ ಸಾಗಿದರೆ ಸುಮಾರು 11 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಅಂದರೆ ಸುಮಾರು ಹದಿಮೂರರಲ್ಲಿ ಒಂದು ಪಾಲು ಉಳಿಯುತ್ತದೆ. 64 ಆಂಟೆನಾಗಳ ಸಾಲು ಅದೇ ಒಟ್ಟು ಶಕ್ತಿಯನ್ನು ಗುರಿಯತ್ತ ಕೂಡಿಸಿದರೆ ಒಂದು ಆಂಟೆನಾಕ್ಕಿಂತ 18 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಕಾಗದದ ಮೇಲೆ ಸಾಲು ಗೆದ್ದಂತೆಯೇ. ಆದರೆ ಆ ಸೂತ್ರ ಹುಟ್ಟಿದ್ದು ಸಮಶೀತೋಷ್ಣ ದೇಶದ, ಎಲೆ ತುಂಬಿದ, ಒಣಗಿದ ಮೈಯ ಮರಗಳ ಅಳತೆಯಿಂದ. ಜುಲೈ ತಿಂಗಳ ನಮ್ಮ ತೋಟಕ್ಕೆ ಅದನ್ನು ಅನ್ವಯಿಸುವುದು ಬರೀ ಊಹೆ.

ಅಡಿಕೆ ತೋಟದ ವಿಶೇಷ ಇನ್ನೊಂದು. ಅದು ಕಾಡಿನಂತೆ ಅಡ್ಡಾದಿಡ್ಡಿ ಬೆಳೆದದ್ದಲ್ಲ. ಗಿಡದಿಂದ ಗಿಡಕ್ಕೆ 2.7 ಮೀಟರ್, ಹಳೆಯ ಲೆಕ್ಕದಲ್ಲಿ ಒಂಬತ್ತು ಅಡಿ. ಹೆಕ್ಟೇರಿಗೆ 1,371 ಮರ. ಒಂದೇ ದಪ್ಪದ, ಒಂದೇ ನೇರದ, ಕೊಂಬೆಯಿಲ್ಲದ ಕಾಂಡಗಳು ಹೀಗೆ ಲೆಕ್ಕಾಚಾರದಲ್ಲಿ ನಿಂತ ಜಾಗದಲ್ಲಿ ರೇಡಿಯೊ ಅಲೆ ಹೇಗೆ ಚದುರುತ್ತದೆ? ಸಾಲಿನ ನೇರಕ್ಕೆ ಬಂದ ಅಲೆ ಓಣಿಯಲ್ಲಿ ಸಾಗಿದಂತೆ ಸಾಗೀತೇ, ಮೂಲೆಯಿಂದ ಮೂಲೆಗೆ ಬಂದದ್ದು ಬೇಗ ಸೊರಗೀತೇ? ಕಾಂಡದ ಎತ್ತರದಲ್ಲಿ ಒಂದು ಬಗೆ, ಸೋಗೆಯ ಮಟ್ಟದಲ್ಲಿ ಇನ್ನೊಂದು ಬಗೆ ಇದ್ದೀತೇ? ಗಾಳಿಗೆ ಸೋಗೆ ಓಲಾಡಿ ಅಲೆಯ ದಾರಿ ಎರಡು ಸೆಂಟಿಮೀಟರ್ ಬದಲಾದರೂ ಹಂತ ಸುಮಾರು ಕಾಲು ಸುತ್ತು ತಿರುಗುತ್ತದೆ. ಸಾಲು ಕಲಿತ ದಾರಿ ಅಷ್ಟರಲ್ಲಿ ಹಳೆಯದಾಗಿರುತ್ತದೆ. ಹಾಗಿದ್ದರೆ ಫೋನ್ ಎಷ್ಟು ಹೊತ್ತಿಗೊಮ್ಮೆ ಗುರುತಿನ ಸಂಕೇತ ಕಳುಹಿಸಬೇಕು? ಇವೆಲ್ಲ ಮಾಪನಕ್ಕೆ ಸಿಗುವ ಪ್ರಶ್ನೆಗಳು, ಒಳ್ಳೆಯ ಪಿಎಚ್‌.ಡಿ.ಗೆ ಸಾಲುವ ಪ್ರಶ್ನೆಗಳು.

ಗಡಿಯದ್ದೂ ಒಂದು ಪ್ರಶ್ನೆ. ದೂರಸಂಪರ್ಕ ಇಲಾಖೆಯ ಲೆಕ್ಕದಲ್ಲಿ ತಲಪಾಡಿಯ ಈಚೆ ಕೇರಳ ಸರ್ಕಲ್, ಆಚೆ ಕರ್ನಾಟಕ ಸರ್ಕಲ್. ತರಂಗಾಂತರದ ಹರಾಜು ಸರ್ಕಲ್‌ವಾರು ನಡೆಯುತ್ತದೆ. ಅಲೆ ಮಾತ್ರ ಚೆಕ್‌ಪೋಸ್ಟ್ ಕಂಡು ನಿಲ್ಲುವುದಿಲ್ಲ. ಸಾಲಿನ ಆಂಟೆನಾಕ್ಕೆ ಬೇಕಾದ ದಿಕ್ಕಿಗೆ ಬಲ ತುಂಬಲು ಬರುವಂತೆ ಬೇಡದ ದಿಕ್ಕಿಗೆ ಬಹುತೇಕ ಮೌನವಾಗಿರಲೂ ಬರುತ್ತದೆ. ಮಂಜೇಶ್ವರದಿಂದ ಎಣ್ಮಕಜೆ, ದೇಲಂಪಾಡಿವರೆಗಿನ ಗಡಿಯುದ್ದಕ್ಕೂ ಇದನ್ನು ಪರೀಕ್ಷಿಸಿ ನೋಡಬಹುದು.

ಕೋಟಿಗಳ ಮಾತು ಬಿಟ್ಟು ಸಣ್ಣದಾಗಿ ಶುರುಮಾಡುವ ದಾರಿಯೂ ಇದೆ. ಟಿವಿ ನೋಡಲೆಂದು ಮಾಡಿದ ಯುಎಸ್‌ಬಿ ಕಡ್ಡಿಯೊಂದು ಹಲವು ಬಗೆಯ ರೇಡಿಯೊ ಸಂಕೇತ ಹಿಡಿಯಬಲ್ಲದು ಎಂದು 2012ರಲ್ಲಿ ಹವ್ಯಾಸಿಗಳು ಜಗತ್ತಿಗೆ ತೋರಿಸಿದರು. ಇಂದು ಅದು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಅದರೊಳಗೆ 28.8 ಮೆಗಾಹರ್ಟ್ಸ್‌ನ ಪುಟ್ಟ ಹರಳು ಇರುತ್ತದೆ, ಅದೇ ಅದರ ಗಡಿಯಾರ. ಐದು ಕಡ್ಡಿ ತೆಗೆದುಕೊಂಡು, ನಾಲ್ಕರ ಹರಳು ಕಳಚಿ, ಐದನೆಯದರ ಸಂಕೇತವನ್ನು ಸಣ್ಣ ತಂತಿಗಳಲ್ಲಿ ಅವುಗಳಿಗೆ ಬೆಸೆದರೆ ಐದಕ್ಕೂ ಒಂದೇ ಗಡಿಯಾರ. ಬೆಸುಗೆ ಕೈ ಪಳಗಿದ ಡಿಪ್ಲೊಮಾ ವಿದ್ಯಾರ್ಥಿಗೆ ಒಂದು ಮಧ್ಯಾಹ್ನದ ಕೆಲಸ. ಹೀಗೆ ಐದು ಕಿವಿಗಳಿರುವ ಸಿದ್ಧ ಸಾಧನವೂ ಈಗ ಮಾರುಕಟ್ಟೆಯಲ್ಲಿದೆ.

ಹಿಡಿಯಬೇಕಾದ ಸಂಕೇತ? ಅದು ಕಾಸರಗೋಡಿನ ಗಾಳಿಯಲ್ಲೇ ಇದೆ. ಉತ್ತರಕ್ಕೆ ಮಂಗಳೂರು ಆಕಾಶವಾಣಿ, ದಕ್ಷಿಣಕ್ಕೆ ಕಣ್ಣೂರು ಆಕಾಶವಾಣಿ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಆದ್ದರಿಂದ ಆಂಟೆನಾಗಳ ನಡುವೆ 1.5 ಮೀಟರ್ ಇದ್ದರೆ ಸಾಕು. ಬಿದಿರಿನ ಗೂಟಕ್ಕೆ ತಂತಿ ಕಟ್ಟಿ ಕಾಲೇಜಿನ ಮೈದಾನದಲ್ಲಿ ನಿಲ್ಲಿಸಬಹುದು. ಇಲ್ಲೊಂದು ಒಳ್ಳೆಯ ಪಾಠವೂ ಕಾದಿದೆ. ಆಂಟೆನಾಗಳನ್ನು ಪೂರ್ವ-ಪಶ್ಚಿಮವಾಗಿ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಗೆರೆಯ ಆಚೆಗೂ ಈಚೆಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಮಂಗಳೂರು ಯಾವುದು, ಕಣ್ಣೂರು ಯಾವುದು ಎಂದು ದಿಕ್ಕಿನಿಂದ ಹೇಳಲಾರದು. ಐದನ್ನೂ ವೃತ್ತದಲ್ಲಿ ನಿಲ್ಲಿಸಿದರೆ ಆ ಗೊಂದಲ ತೀರುತ್ತದೆ. ಗೌರಿಬಿದನೂರಿನವರು ಆಕಾಶದಲ್ಲಿ ಜಾಗ ಗೊತ್ತಿರುವ ಪ್ರಖರ ರೇಡಿಯೊ ಮೂಲಗಳನ್ನು ನೋಡಿ ತಮ್ಮ ಸಾಲಿನ ದೋಷ ತಿದ್ದಿಕೊಳ್ಳುತ್ತಾರೆ. ನಮಗೆ ಎರಡು ಬಾನುಲಿ ನಿಲಯಗಳು ಆ ಉಪಕಾರ ಮಾಡುತ್ತವೆ, ಒಂದು ಕನ್ನಡದಲ್ಲಿ, ಇನ್ನೊಂದು ಮಲಯಾಳದಲ್ಲಿ.

ಕೇಳುವುದನ್ನು ಕಲಿತ ಮೇಲೆ ಕಳುಹಿಸುವುದು. 2.4 ಮತ್ತು 5.8 ಗಿಗಾಹರ್ಟ್ಸ್‌ನಲ್ಲಿ ನಿಗದಿತ ಶಕ್ತಿಯ ಮಿತಿಯೊಳಗೆ ಕೆಲಸ ಮಾಡಲು ತರಂಗಾಂತರದ ಪರವಾನಗಿ ಬೇಕಿಲ್ಲ. ಮೊಬೈಲ್ ಕಂಪನಿಗಳ ತರಂಗಾಂತರದಲ್ಲೇ ಪ್ರಯೋಗ ಮಾಡಬೇಕೆಂದರೆ ದೂರಸಂಪರ್ಕ ಇಲಾಖೆಯಿಂದ ಪ್ರಾಯೋಗಿಕ ಪರವಾನಗಿ ಪಡೆಯಬೇಕು, ಅದಕ್ಕೂ ದಾರಿ ಇದೆ.

ಕಷ್ಟಗಳನ್ನು ಮುಚ್ಚಿಡುವುದು ಬೇಡ. ಸಮುದ್ರದ ಉಪ್ಪುಗಾಳಿಗೆ ಕನೆಕ್ಟರ್‌ಗಳು ಹಸಿರುಗಟ್ಟುತ್ತವೆ. ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿದರೂ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಲೇಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಸಿಡಿಲು ಇನ್ನೂ ದೊಡ್ಡ ಶತ್ರು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಹೀರುವುದಿಲ್ಲ. ಆಳವಾದ ಹೊಂಡ ತೋಡಿ, ಇದ್ದಿಲು-ಉಪ್ಪು ತುಂಬಿ, ಬೇಸಗೆಯಲ್ಲಿ ನೀರು ಹೊಯ್ಯುತ್ತಾ ಇರಬೇಕು. ಇದನ್ನು ನಮ್ಮ ಊರಿನ ಎಲೆಕ್ಟ್ರೀಷಿಯನ್‌ಗಳು ದಶಕಗಳಿಂದ ಮಾಡುತ್ತಾ ಬಂದಿದ್ದಾರೆ. ಮರವೇರಿ ಮದ್ದು ಬಿಡುವ, ಕೊಯ್ಲು ಮಾಡುವ ಕುಶಲಿಗರು ಇರುವ ಊರಿನಲ್ಲಿ ಹನ್ನೆರಡು ಮೀಟರ್ ಎತ್ತರಕ್ಕೆ ಆಂಟೆನಾ ಏರಿಸಲು ಕ್ರೇನ್ ತರಿಸಬೇಕಾಗಿಲ್ಲ.

ಜಿಲ್ಲೆಯಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ಪೊವ್ವಲ್‌ನಲ್ಲಿ 1993ರಿಂದ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜು ಇದೆ. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಸೀತಾಂಗೋಳಿಯಲ್ಲಿ ವಿಮಾನಗಳ ಎಲೆಕ್ಟ್ರಾನಿಕ್ಸ್‌ಗೆಂದೇ ಎಚ್‌ಎಎಲ್ ಘಟಕ ಇದೆ. ಗಡಿಯಾಚೆ ಸುರತ್ಕಲ್‌ನಲ್ಲಿ ಎನ್‌ಐಟಿಕೆ. ಇನ್ನು ತೋಟದ ವಿಷಯದಲ್ಲಿ ಕೇಳಲೇಬೇಡಿ. ಕೂಡ್ಲಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು. ಯಾವ ಮರಕ್ಕೆ ಎಷ್ಟು ವಯಸ್ಸು, ಎಷ್ಟು ಎತ್ತರ, ಎಷ್ಟು ಸೋಗೆ ಎಂದು ಬರೆದಿಡುವುದು ಅಂಥ ಸಂಸ್ಥೆಯ ದಿನನಿತ್ಯದ ಕೆಲಸ. ರೇಡಿಯೊ ಅಳೆಯುವವರಿಗೆ ಇಂಥ ದಾಖಲೆ ಇರುವ ಮರಗಳು ಜಗತ್ತಿನಲ್ಲಿ ಎಷ್ಟು ಕಡೆ ಸಿಕ್ಕಾವು?

ಇವರೆಲ್ಲ ಒಂದು ಮೇಜಿನ ಸುತ್ತ ಕೂರಬೇಕು. ಮೊದಲ ಮಳೆಗಾಲಕ್ಕೆ ಐದು ಆಂಟೆನಾ, ಮುಂದಿನದಕ್ಕೆ ಹದಿನಾರು. ತೋಟದ ಒಂದು ತುದಿಯಲ್ಲಿ ಸಾಲು, ಇನ್ನೊಂದು ತುದಿಯಲ್ಲಿ ಸಣ್ಣ ಪ್ರಸಾರಕ, ಪಕ್ಕದಲ್ಲಿ ಮಳೆಮಾಪಕ ಮತ್ತು ಗಾಳಿಮಾಪಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ರಾತ್ರಿ ದಾಖಲಾದ ಅಳತೆಗಳನ್ನು ಯಾರು ಬೇಕಾದರೂ ಬಳಸುವಂತೆ ತೆರೆದಿಡಬೇಕು. ಹಾಗೆ ಮಾಡಿದರೆ ಚೆನ್ನೈ-ಬೆಂಗಳೂರಿನ ಸಂಶೋಧಕರೂ ಕಂಪನಿಗಳೂ ಅದನ್ನು ಹುಡುಕಿಕೊಂಡು ಬರುತ್ತಾರೆ. ಪಂಚಾಯಿತಿಗಳು ಟವರ್‌ಗಾಗಿ ಬರೆಯುವ ಮನವಿಯ ಜೊತೆ ಈ ಅಳತೆಯ ಹಾಳೆಯನ್ನೂ ಲಗತ್ತಿಸಬಹುದು.

ತೋಟ ಬಿಟ್ಟುಕೊಡುವ ಕೃಷಿಕರು ಬದಿಯಡ್ಕದಲ್ಲೂ ಇದ್ದಾರೆ, ಬೆಳ್ಳೂರಿನಲ್ಲೂ ಇದ್ದಾರೆ. ಕಾಲೇಜುಗಳು ಹೋಗಿ ಕೇಳಬೇಕು, ಮುಂದಿನ ಮುಂಗಾರಿಗೆ ಮೊದಲೇ.